ಕ್ಲೌಡ್ ಸರ್ವರ್ ಬದಲಿಸುವ ಮುನ್ನ ಒಂದು ಲೆಕ್ಕ

2006ರ ಆಗಸ್ಟ್‌ನಲ್ಲಿ ಅಮೆಜಾನ್ ತನ್ನ ಇಸಿ2 ಸೇವೆಯನ್ನು ಪ್ರಯೋಗಕ್ಕೆ ಬಿಟ್ಟಾಗ ಬಾಡಿಗೆಗೆ ಸಿಗುತ್ತಿದ್ದದ್ದು ಒಂದೇ ಬಗೆಯ ಯಂತ್ರ, ಗಂಟೆಗೆ 10 ಸೆಂಟ್. ಇಂದು ಅದೇ ಪಟ್ಟಿಯಲ್ಲಿ ನೂರಾರು ಬಗೆಗಳಿವೆ. 2017ರಲ್ಲಿ ಎಂ5 ಬಂತು, 2021ರಲ್ಲಿ ಎಂ6ಐ, 2023ರಲ್ಲಿ ಎಂ7ಐ. ಹೆಸರಿನ ಅಂಕಿ ತಲೆಮಾರನ್ನು ಹೇಳುತ್ತದೆ, ಅದರ ಮುಂದಿನ ಅಕ್ಷರ ಪ್ರಾಸೆಸರ್ ಯಾರದೆಂದು ತಿಳಿಸುತ್ತದೆ: ಐ ಎಂದರೆ ಇಂಟೆಲ್, ಎ ಎಂದರೆ ಎಎಂಡಿ, ಜಿ ಎಂದರೆ ಅಮೆಜಾನ್ ತಾನೇ ರೂಪಿಸಿಕೊಂಡ ಆರ್ಮ್ ಆಧಾರಿತ ಗ್ರಾವಿಟಾನ್. ಮೈಕ್ರೋಸಾಫ್ಟ್ ಅಜೂರ್‌ನಲ್ಲಿ ತಲೆಮಾರು ಹೆಸರಿನ ಕೊನೆಗೆ ವಿ3, ವಿ5, ವಿ6 ಎಂದು ಬರುತ್ತದೆ. ಗೂಗಲ್‌ನಲ್ಲಿ ಎನ್1, ಎನ್2, ಎನ್4 ಎಂಬಂತೆ. ಹೊಸದು ಬಂದಿತೆಂದು ಹಳೆಯದು ತಕ್ಷಣ ನಿಲ್ಲುವುದಿಲ್ಲ, ಯಾರೂ ನಮ್ಮ ಯಂತ್ರವನ್ನು ತಾವಾಗಿ ಬದಲಿಸಿಕೊಡುವುದೂ ಇಲ್ಲ. ಹೀಗಾಗಿ ಐದಾರು ವರ್ಷದ ಹಿಂದೆ ಆರಿಸಿದ ಇನ್‌ಸ್ಟೆನ್ಸ್ ಇವತ್ತಿಗೂ ಅದೇ ದರದಲ್ಲಿ ಓಡುತ್ತಿರುತ್ತದೆ. ಬದಲಿಸಬೇಕೇ, ಬೇಡವೇ ಎಂಬ ತೀರ್ಮಾನವೂ ಅದರ ಹೊಣೆಯೂ ಬಾಡಿಗೆದಾರನವೇ.

ಈ ತೀರ್ಮಾನವನ್ನು ಹೆಚ್ಚಿನವರು ದರಪಟ್ಟಿ ನೋಡಿ ಮಾಡುತ್ತಾರೆ. ದರಪಟ್ಟಿ ಏನು ಹೇಳುತ್ತದೆ ನೋಡೋಣ. ಅಮೆಜಾನ್‌ನ ಉತ್ತರ ವರ್ಜೀನಿಯಾ ಪ್ರದೇಶದಲ್ಲಿ, ಲಿನಕ್ಸ್‌ಗೆ, ಯಾವ ರಿಯಾಯಿತಿಯೂ ಇಲ್ಲದ ಆನ್-ಡಿಮಾಂಡ್ ದರದಲ್ಲಿ ಎಂ5.ಲಾರ್ಜ್ ಗಂಟೆಗೆ 0.096 ಡಾಲರ್. ಎಂ6ಐ.ಲಾರ್ಜ್ ಕೂಡ ಅಷ್ಟೇ. ಎಂ7ಐ.ಲಾರ್ಜ್ 0.1008, ಅಂದರೆ ಶೇ. 5 ಹೆಚ್ಚು. ಗ್ರಾವಿಟಾನ್ ಸಾಲಿನಲ್ಲಿ ಎಂ6ಜಿ.ಲಾರ್ಜ್ 0.077, ಎಂ7ಜಿ 0.0816, ಎಂ8ಜಿ 0.08976. ಎಎಂಡಿ ಸಾಲಿನಲ್ಲಿ ಏರಿಕೆ ಇನ್ನೂ ದೊಡ್ಡದು: ಎಂ6ಎ.ಲಾರ್ಜ್ 0.0864 ಇದ್ದದ್ದು ಎಂ7ಎ.ಲಾರ್ಜ್‌ಗೆ 0.11592 ಆಗಿದೆ. ಮೊದಮೊದಲು ಪ್ರತಿ ಹೊಸ ತಲೆಮಾರೂ ಹಳೆಯದಕ್ಕಿಂತ ಅಗ್ಗವಾಗಿಯೋ ಅದೇ ದರದಲ್ಲೋ ಬರುತ್ತಿತ್ತು. ಆ ಕಾಲ ಮುಗಿದಿದೆ. ಈಗ ಹೊಸದು ಗಂಟೆಯ ಲೆಕ್ಕದಲ್ಲಿ ತುಸು ದುಬಾರಿ, ಆದರೆ ಆ ಒಂದು ಗಂಟೆಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಎಂ6ಎಯಿಂದ ಎಂ7ಎಗೆ ಹೋಗುವವರಿಗೆ ದರ ಶೇ. 34 ಏರುತ್ತದೆ; ಒಂದೊಂದು ಯಂತ್ರದ ಕೆಲಸವೂ ಕನಿಷ್ಠ ಅಷ್ಟು ಏರದಿದ್ದರೆ ನಷ್ಟ. ಎಂ6ಜಿಯಿಂದ ಎಂ8ಜಿಗೆ ಈ ಗೆರೆ ಸುಮಾರು ಶೇ. 17, ಎಂ5ರಿಂದ ಎಂ7ಐಗೆ ಶೇ. 5, ಎಂ5ರಿಂದ ಎಂ6ಐಗೆ ಸೊನ್ನೆ. ಈ ಗೆರೆಯನ್ನು ಮೊದಲು ಕಾಗದದ ಮೇಲೆ ಬರೆದುಕೊಂಡರೆ ಉಳಿದ ಚರ್ಚೆ ಹಗುರಾಗುತ್ತದೆ. ಮುಂಬೈ ಅಥವಾ ಹೈದರಾಬಾದ್ ಪ್ರದೇಶದಲ್ಲಿ ದರಗಳು ಬೇರೆ, ತಲೆಮಾರುಗಳ ನಡುವಿನ ಅಂತರವೂ ಬೇರೆ ಇರಬಹುದು. ಆದ್ದರಿಂದ ಗುಣಾಕಾರವನ್ನು ತಮ್ಮ ಪ್ರದೇಶದ ದರದಿಂದಲೇ ಮಾಡಬೇಕು.

ಇಲ್ಲಿಯೇ ನನ್ನ ಮುಖ್ಯ ವಾದ ಇರುವುದು. ಹೊಸ ತಲೆಮಾರಿಗೆ ಹೋದದ್ದರಿಂದ ಹಣ ಉಳಿಯುವುದಿಲ್ಲ. ಹೋದ ಮೇಲೆ ಯಂತ್ರಗಳ ಸಂಖ್ಯೆಯನ್ನೋ ಗಾತ್ರವನ್ನೋ ಇಳಿಸಿದಾಗ ಉಳಿಯುತ್ತದೆ. ಲೋಡ್ ಬ್ಯಾಲೆನ್ಸರ್‌ನ ಹಿಂದೆ 20 ಎಂ5.ಎಕ್ಸ್‌ಲಾರ್ಜ್ ಇರುವ ತಂಡವೊಂದನ್ನು ಊಹಿಸಿಕೊಳ್ಳಿ. ಗಂಟೆಗೆ ತಲಾ 0.192 ಡಾಲರ್, ತಿಂಗಳಿಗೆ 730 ಗಂಟೆ ಎಂದರೆ ಬಿಲ್ ಸುಮಾರು 2,803 ಡಾಲರ್. 20ನ್ನೂ ಎಂ7ಐ ಮಾಡಿ ಸುಮ್ಮನಾದರೆ ಬಿಲ್ 2,943 ಡಾಲರಿಗೆ ಏರುತ್ತದೆ. ಯಂತ್ರಗಳು ಮೊದಲಿಗಿಂತ ನಿರಾಳವಾಗಿರುತ್ತವೆ, ಗ್ರಾಫ್ ತಗ್ಗುತ್ತದೆ, ಆದರೆ ತಂಡ ಆ ನಿರಾಳತೆಗೆ ಹಣ ಕೊಡುತ್ತಿರುತ್ತದೆ. ತಮ್ಮ ಅಳತೆಯಲ್ಲಿ ಒಂದೊಂದು ಯಂತ್ರ ಶೇ. 20 ಹೆಚ್ಚು ವಿನಂತಿಗಳನ್ನು ಪೂರೈಸುತ್ತದೆಂದು ಕಂಡು 17ಕ್ಕೆ ಇಳಿಸಿದರೆ ಅದೇ ಬಿಲ್ 2,502 ಡಾಲರ್, ಹಳೆಯದಕ್ಕಿಂತ ಶೇ. 10ಕ್ಕೂ ಹೆಚ್ಚು ಕಡಿಮೆ. ಒಂದೇ ಯಂತ್ರ, ಒಂದೇ ದರ. ಒಂದು ಕಡೆ ನಷ್ಟ, ಇನ್ನೊಂದು ಕಡೆ ಲಾಭ. ನಡುವೆ ಇರುವ ವ್ಯತ್ಯಾಸ ಯಾರೋ ಒಬ್ಬರು ಕೂತು ಮೂರು ಯಂತ್ರಗಳನ್ನು ತೆಗೆದುಹಾಕಿದ್ದು. ಆಟೋಸ್ಕೇಲಿಂಗ್ ಇರುವ ಕಡೆ ಈ ಕೆಲಸ ತಾನಾಗಿ ನಡೆಯುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಕನಿಷ್ಠ ಸಂಖ್ಯೆಯನ್ನು 20ಕ್ಕೆ ಕಟ್ಟಿಹಾಕಿದ್ದರೆ ಅದು 20ಕ್ಕೇ ನಿಲ್ಲುತ್ತದೆ.

ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದು ಸಣ್ಣ ಸಂಸ್ಥೆಗಳಿಂದ ಬರುವಂಥದ್ದು. ಎರಡೇ ಯಂತ್ರ ಇರುವವರು ಏನನ್ನು ಇಳಿಸಬೇಕು? ಒಂದು ಕೆಟ್ಟರೆ ಇನ್ನೊಂದಿರಲಿ ಎಂದೇ ಎರಡು ಇಟ್ಟಿರುತ್ತಾರೆ. ಗಾತ್ರ ಇಳಿಸೋಣವೆಂದರೆ ಅಮೆಜಾನ್‌ನ ಗಾತ್ರಗಳು ಲಾರ್ಜ್, ಎಕ್ಸ್‌ಲಾರ್ಜ್, 2ಎಕ್ಸ್‌ಲಾರ್ಜ್ ಎಂದು ದುಪ್ಪಟ್ಟಾಗುತ್ತ ಹೋಗುತ್ತವೆ. ಶೇ. 20 ವೇಗ ಸಿಕ್ಕಿತೆಂದು ಶೇ. 20 ಚಿಕ್ಕ ಯಂತ್ರ ಕೊಳ್ಳಲಾಗದು. ಇಳಿಸಿದರೆ ಒಮ್ಮೆಗೇ ಅರ್ಧ. ಆಕ್ಷೇಪ ನಿಜ, ಅದನ್ನು ಒಪ್ಪಿಕೊಂಡೇ ಸಲಹೆ ಕೊಡಬೇಕು. ಬೆರಳೆಣಿಕೆಯ ಯಂತ್ರಗಳಿರುವವರು ದರ ಏರುವ ದಾರಿಯನ್ನು ಬಿಟ್ಟು, ದರ ಏರದ ಅಥವಾ ಇಳಿಯುವ ದಾರಿಯನ್ನಷ್ಟೇ ಹುಡುಕುವುದು ಒಳ್ಳೆಯದು. ಎಂ5ರಿಂದ ಎಂ6ಐಗೆ ಹೋದರೆ ದರ ಹಾಗೇ ಇದ್ದು ವೇಗ ಹೆಚ್ಚುತ್ತದೆ. ತಂತ್ರಾಂಶ ಆರ್ಮ್‌ನಲ್ಲಿ ಓಡುವುದಾದರೆ ಎಂ5ರಿಂದ ಎಂ7ಜಿಗೆ ಹೋದಾಗ ಸಂಖ್ಯೆ ಇಳಿಸದಿದ್ದರೂ ಶೇ. 15 ಉಳಿಯುತ್ತದೆ. ಗೂಗಲ್ ಬಳಸುವವರಿಗೆ ಇನ್ನೊಂದು ಅನುಕೂಲವಿದೆ: ಎನ್2, ಎನ್4ರಂಥ ಸರಣಿಗಳಲ್ಲಿ ಪ್ರಾಸೆಸರ್ ಸಂಖ್ಯೆಯನ್ನೂ ಮೆಮೊರಿಯನ್ನೂ ತಮಗೆ ಬೇಕಾದಷ್ಟೇ ಆರಿಸಿಕೊಳ್ಳಬಹುದು, ದುಪ್ಪಟ್ಟಿನ ಮೆಟ್ಟಿಲು ಅಲ್ಲಿ ಅಡ್ಡಬರುವುದಿಲ್ಲ.

ಸಣ್ಣವರು ಹೆಚ್ಚಾಗಿ ಬಳಸುವ ಟಿ ಸರಣಿಯಲ್ಲಿ ಒಂದು ಎಚ್ಚರ ಬೇಕು. ಟಿ2.ಮೀಡಿಯಂ ಗಂಟೆಗೆ 0.0464 ಡಾಲರ್, ಟಿ3.ಮೀಡಿಯಂ 0.0416. ನೋಡಿದ ಕೂಡಲೇ ಬದಲಿಸಬೇಕೆನಿಸುವ ದರ. ಆದರೆ ಈ ಸರಣಿಯ ಯಂತ್ರ ತಳಮಿತಿಗಿಂತ ಕಡಿಮೆ ದುಡಿದಾಗ ಕ್ರೆಡಿಟ್ ಕೂಡಿಡುತ್ತದೆ, ಹೆಚ್ಚು ದುಡಿದಾಗ ಅದನ್ನು ಖರ್ಚು ಮಾಡುತ್ತದೆ. ಟಿ2ರಲ್ಲಿ ಕ್ರೆಡಿಟ್ ಮುಗಿದರೆ ಯಂತ್ರ ನಿಧಾನವಾಗುತ್ತದೆ. ಟಿ3 ಮಾತ್ರ ಬೇರೆ ಹೇಳದಿದ್ದರೆ 'ಅನ್‌ಲಿಮಿಟೆಡ್' ಸ್ಥಿತಿಯಲ್ಲೇ ಶುರುವಾಗುತ್ತದೆ, ಕ್ರೆಡಿಟ್ ಮೀರಿದ ಬಳಕೆಗೆ ಪ್ರತಿ ವಿಸಿಪಿಯು-ಗಂಟೆಗೆ 0.05 ಡಾಲರ್ ಹಾಕುತ್ತ ಹೋಗುತ್ತದೆ. ಟಿ3.ಮೀಡಿಯಂನ ಎರಡೂ ವಿಸಿಪಿಯು ದಿನವಿಡೀ ಪೂರ್ಣ ದುಡಿದರೆ ಶೇ. 20ರ ತಳಮಿತಿ ಕಳೆದು ಗಂಟೆಗೆ 0.08 ಡಾಲರ್ ಹೆಚ್ಚುವರಿ ಬೀಳುತ್ತದೆ. ಶೇ. 10 ಉಳಿಸಲು ಹೋದ ಯಂತ್ರದ ಬಾಡಿಗೆ ಮೂರು ಪಟ್ಟಿನ ಹತ್ತಿರ ಬಂದು ನಿಲ್ಲುತ್ತದೆ. ಅಂಥ ಹೊರೆ ಇರುವ ಕೆಲಸ ಟಿ ಸರಣಿಯಲ್ಲೇ ಇರಬಾರದು.

ಇನ್ನು ಅಳತೆಯ ಮಾತು. ಮಾರುವವರ ಪ್ರಕಟಣೆಗಳಲ್ಲಿ ಶೇ. 15, ಶೇ. 25 ಎಂಬ ಅಂಕಿಗಳ ಹಿಂದೆ 'ಗರಿಷ್ಠ' ಎಂಬ ಮಾತು ಇದ್ದೇ ಇರುತ್ತದೆ. ಅದು ಸುಳ್ಳಲ್ಲ, ಆದರೆ ಅದು ಅವರು ಆರಿಸಿದ ಕೆಲಸಕ್ಕೆ ಸಿಕ್ಕ ಫಲ. ನಮ್ಮ ಕೆಲಸಕ್ಕೆ ಎಷ್ಟು ಸಿಗುತ್ತದೆಂದು ತಿಳಿಯಲು ಹೊಸ ತಲೆಮಾರಿನ ಒಂದು ಯಂತ್ರವನ್ನು ಹಳೆಯವುಗಳ ಸಾಲಿಗೆ ಸೇರಿಸಿ, ನಿಜವಾದ ಗ್ರಾಹಕರ ಹೊರೆಯನ್ನೇ ಕೊಟ್ಟು, ವಾರದ ಏರಿಳಿತವೆಲ್ಲ ಹಾದುಹೋಗುವಷ್ಟು ಕಾಲ ಓಡಿಸಬೇಕು. ತಿಂಗಳ ಕೊನೆಯಲ್ಲಿ ಸಂಬಳ, ಬಿಲ್ಲಿಂಗ್ ನಡೆಸುವ ವ್ಯವಸ್ಥೆಯಾದರೆ ಆ ದಿನಗಳೂ ಅದರಲ್ಲಿ ಇರಬೇಕು. ಜೊತೆಗೆ ಎರಡು ಹಳೆಯ ಯಂತ್ರಗಳನ್ನೇ ಪರಸ್ಪರ ಹೋಲಿಸಿ ನೋಡುವುದು ಜಾಣತನ. ಒಂದೇ ಬಗೆಯ ಎರಡು ಯಂತ್ರಗಳ ನಡುವೆಯೇ ಶೇ. 4ರ ವ್ಯತ್ಯಾಸ ಕಂಡರೆ, ಹೊಸದರಲ್ಲಿ ಕಂಡ ಶೇ. 5ರ ಮೇಲೆ ಲೆಕ್ಕ ಕಟ್ಟುವಂತಿಲ್ಲ.

ಅಳೆಯುವಾಗ ಸಿಪಿಯು ಶೇಕಡಾವಾರನ್ನು ನಂಬಿ ಮೋಸಹೋಗುವವರು ಬಹಳ. ಎಂ5, ಎಂ6ಐ, ಎಂ7ಐಗಳಲ್ಲಿ ಒಂದು ವಿಸಿಪಿಯು ಎಂದರೆ ಪೂರ್ತಿ ಕೋರ್ ಅಲ್ಲ, ಹೈಪರ್‌ಥ್ರೆಡಿಂಗ್‌ನಿಂದ ಎರಡಾಗಿ ಕಾಣುವ ಕೋರ್‌ನ ಒಂದು ಎಳೆ. ಗ್ರಾವಿಟಾನ್‌ಗಳಲ್ಲೂ ಎಂ7ಎಯಲ್ಲೂ ಒಂದು ವಿಸಿಪಿಯು ಎಂದರೆ ಒಂದು ಇಡೀ ಕೋರ್. ಎಳೆಗಳ ಯಂತ್ರ ಶೇ. 50 ತೋರಿಸುವಾಗ ಕೋರ್‌ಗಳು ಆಗಲೇ ಸಾಕಷ್ಟು ದುಡಿಯುತ್ತಿರಬಹುದು; ಉಳಿದರ್ಧದಲ್ಲಿ ಮೊದಲರ್ಧದಷ್ಟು ಕೆಲಸ ಹಿಡಿಸುವುದಿಲ್ಲ. ಇಡೀ ಕೋರ್‌ಗಳ ಯಂತ್ರದಲ್ಲಿ ಶೇ. 50 ಎಂದರೆ ಹೆಚ್ಚುಕಡಿಮೆ ಅರ್ಧ ಬಾಕಿ ಇದೆಯೆಂದೇ ಅರ್ಥ. ಒಂದೇ ಪಟ್ಟಿಯಲ್ಲಿ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದರೆ ಎಎಂಡಿ ಮತ್ತು ಆರ್ಮ್ ಯಂತ್ರಗಳಿಗೆ ಅನ್ಯಾಯವಾಗುತ್ತದೆ. ಎಂ7ಎಯ ಶೇ. 34ರ ದರ ಏರಿಕೆಗೆ ಕಾರಣವೂ ಬಹುಪಾಲು ಈ ಇಡೀ ಕೋರ್ ಇರಬಹುದು. ಹೋಲಿಸಬೇಕಾದದ್ದು ಬೇರೆ: 100ರಲ್ಲಿ 99 ವಿನಂತಿಗಳಿಗೆ ನಾವು ಒಪ್ಪಿಕೊಂಡ ಗಡುವಿನೊಳಗೆ ಉತ್ತರ ಸಿಗುತ್ತಿರುವಾಗ, ಒಂದು ಯಂತ್ರ ಸೆಕೆಂಡಿಗೆ ಎಷ್ಟು ವಿನಂತಿ ತಾಳುತ್ತದೆ ಎಂಬುದು. ಆ ಸಂಖ್ಯೆಯಿಂದ ಗಂಟೆಯ ದರವನ್ನು ಭಾಗಿಸಿದರೆ ಯಂತ್ರಗಳ ಕೆಲಸದ ಬೆಲೆಯನ್ನು ಹೋಲಿಸಬಹುದು.

ಕಿರು ಪರೀಕ್ಷೆಗಳೂ ದಾರಿತಪ್ಪಿಸುತ್ತವೆ. ಚಿಕ್ಕ ಗಾತ್ರದ ಇನ್‌ಸ್ಟೆನ್ಸ್‌ಗಳ ನೆಟ್‌ವರ್ಕ್ ಮತ್ತು ಡಿಸ್ಕ್ ವೇಗದ ಎದುರು ದಾಖಲೆಗಳಲ್ಲಿ ಬರೆದಿರುವುದು ಗರಿಷ್ಠ ಮಿತಿ. ಅದನ್ನು ಸದಾಕಾಲ ಉಳಿಸಿಕೊಳ್ಳಲಾಗದು, ಅದರ ಕೆಳಗೆ ತೀರ ತಗ್ಗಿನ ತಳಮಿತಿ ಇರುತ್ತದೆ. 15 ನಿಮಿಷದ ಬೆಂಚ್‌ಮಾರ್ಕ್ ಗರಿಷ್ಠವನ್ನು ತೋರಿಸಿ ಮುಗಿದುಹೋಗುತ್ತದೆ, ರಾತ್ರಿಯ ಬ್ಯಾಕಪ್ ತಳಮಿತಿಯಲ್ಲಿ ತೆವಳುತ್ತದೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ ನಮ್ಮ ತಂತ್ರಾಂಶ ಯಾವುದಕ್ಕಾಗಿ ಕಾಯುತ್ತಿದೆ ಎಂಬುದು. ಡೇಟಾಬೇಸ್ ಡಿಸ್ಕಿಗಾಗಿ ಕಾಯುತ್ತಿದ್ದರೆ, ಒಂದು ಕ್ವೆರಿ ಇಂಡೆಕ್ಸ್ ಇಲ್ಲದೆ ಇಡೀ ಟೇಬಲ್ ಓದುತ್ತಿದ್ದರೆ, ಒಂದು ಲಾಕ್‌ಗಾಗಿ ಹತ್ತು ಕೆಲಸಗಳು ಸಾಲುಗಟ್ಟಿದ್ದರೆ ಹೊಸ ಪ್ರಾಸೆಸರ್ ಆ ಕಾಯುವಿಕೆಯನ್ನು ಇನ್ನಷ್ಟು ವೇಗವಾಗಿ ಕಾಯುತ್ತದೆ, ಅಷ್ಟೇ. ಅಂಥ ಕಡೆ ಯಂತ್ರಕ್ಕಿಂತ ಡಿಸ್ಕ್ ಬದಲಿಸುವುದು ಲೇಸು. ಅಮೆಜಾನ್ 2020ರ ಡಿಸೆಂಬರ್‌ನಲ್ಲಿ ತಂದ ಜಿಪಿ3 ಡಿಸ್ಕ್ ಹಳೆಯ ಜಿಪಿ2ಗಿಂತ ಗಿಗಾಬೈಟ್ ಲೆಕ್ಕದಲ್ಲಿ ಶೇ. 20 ಅಗ್ಗ, ಗಾತ್ರ ಎಷ್ಟೇ ಇರಲಿ 3,000 ಐಒಪಿಎಸ್ ಕೊಡುತ್ತದೆ, ಯಂತ್ರ ನಿಲ್ಲಿಸದೆಯೇ ಬದಲಿಸಬಹುದು. ಜಿಪಿ2 ಗಿಗಾಬೈಟಿಗೆ 3 ಐಒಪಿಎಸ್‌ನಂತೆ ಕೊಡುವುದರಿಂದ 1,000 ಗಿಗಾಬೈಟಿಗಿಂತ ದೊಡ್ಡ ಡಿಸ್ಕ್ ಇದ್ದವರು ಮಾತ್ರ ಹೆಚ್ಚುವರಿ ಐಒಪಿಎಸ್ ಕೊಂಡುಕೊಳ್ಳಬೇಕು. ಅದೇ ರೀತಿ, ದಿನವಿಡೀ ಶೇ. 8 ಬಳಕೆಯಲ್ಲಿ ಮಲಗಿರುವ ಯಂತ್ರಕ್ಕೆ ಹೊಸ ತಲೆಮಾರು ಬೇಡ, ಚಿಕ್ಕ ಗಾತ್ರ ಬೇಕು. ಅಮೆಜಾನ್‌ನ ಕಂಪ್ಯೂಟ್ ಆಪ್ಟಿಮೈಸರ್, ಅಜೂರ್ ಅಡ್ವೈಸರ್‌ಗಳು ಇಂಥ ಯಂತ್ರಗಳನ್ನು ತೋರಿಸಿಕೊಡುತ್ತವೆ. ಅವುಗಳ ಸೂಚನೆಯನ್ನು ಪರಿಶೀಲನೆಯ ಆರಂಭವಾಗಿ ಇಟ್ಟುಕೊಳ್ಳಬಹುದು.

ಈಗ ಅತಿ ಹಳೆಯ ಆಕ್ಷೇಪ: ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು? ಇದನ್ನು ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ತಲೆಮಾರು ಬದಲಾಗುವಾಗ ಪ್ರಾಸೆಸರ್ ಜೊತೆಗೆ ಯಂತ್ರದ ಬುಡವೇ ಬದಲಾಗುತ್ತದೆ. ಅಮೆಜಾನ್‌ನ ಎಂ4ವರೆಗಿನ ಯಂತ್ರಗಳು ಝೆನ್ ಎಂಬ ಹೈಪರ್‌ವೈಸರ್ ಮೇಲೆ ಓಡುತ್ತಿದ್ದವು, ಎಂ5ರಿಂದ ನೈಟ್ರೋ. ಅಲ್ಲಿ ಡಿಸ್ಕುಗಳು ಎನ್‌ವಿಎಂಇ ಸಾಧನಗಳಾಗಿ ಹೊಸ ಹೆಸರಿನಲ್ಲಿ ಕಾಣಿಸುತ್ತವೆ, ನೆಟ್‌ವರ್ಕ್‌ಗೆ ಇಎನ್ಎ ಡ್ರೈವರ್ ಬೇಕು. ಎಫ್‌ಎಸ್‌ಟ್ಯಾಬ್‌ನಲ್ಲಿ ಯುಯುಐಡಿ ಬದಲು ಹಳೆಯ ಸಾಧನದ ಹೆಸರನ್ನೇ ಬರೆದಿಟ್ಟ ಸರ್ವರ್ ಬೂಟ್ ಆಗದೆ ನಿಲ್ಲಬಹುದು. ಅಜೂರ್‌ನಲ್ಲಿ ಇಂಟೆಲ್ ಆಧಾರಿತ ಡಿ ಸರಣಿಯ ವಿ6 ಯಂತ್ರಗಳಿಗೆ ಯುಇಎಫ್ಐ ಬಳಸುವ ಜನರೇಷನ್ 2 ಇಮೇಜ್ ಬೇಕು, ಡಿಸ್ಕ್ ಸಂಪರ್ಕವೂ ಎನ್‌ವಿಎಂಇ. ಹಳೆಯ ಡಿ ಸರಣಿಯಲ್ಲಿ ಪುಕ್ಕಟೆ ಸಿಗುತ್ತಿದ್ದ ತಾತ್ಕಾಲಿಕ ಡಿಸ್ಕ್ ಹೊಸದರಲ್ಲಿ ಹೆಸರಿನಲ್ಲಿ 'ಡಿ' ಎಂಬ ಇನ್ನೊಂದು ಅಕ್ಷರ ಇದ್ದರಷ್ಟೇ ಉಂಟು. ವಿಂಡೋಸ್‌ನ ಪೇಜ್ ಫೈಲ್ ಅಥವಾ ಎಸ್‌ಕ್ಯೂಎಲ್ ಸರ್ವರ್‌ನ ಟೆಂಪ್‌ಡಿಬಿ ಅಲ್ಲಿ ಕೂತಿದ್ದರೆ ಮೊದಲೇ ಬೇರೆಡೆ ಇಡಬೇಕು. ಗೂಗಲ್‌ನ ಎನ್4 ಮತ್ತು ಸಿ4 ಹೈಪರ್‌ಡಿಸ್ಕನ್ನು ಮಾತ್ರ ಒಪ್ಪುತ್ತವೆ, ಎನ್1ರಲ್ಲಿದ್ದ ಪರ್ಸಿಸ್ಟೆಂಟ್ ಡಿಸ್ಕನ್ನು ಹಾಗೇ ಎತ್ತಿ ಜೋಡಿಸಲಾಗದು, ಸ್ನ್ಯಾಪ್‌ಶಾಟ್‌ನಿಂದ ಹೊಸದಾಗಿ ಮಾಡಿಕೊಳ್ಳಬೇಕು.

ಹೀಗಿದ್ದೂ ಮುಟ್ಟದೆ ಇರುವುದೇ ಕ್ಷೇಮ ಎಂದು ನಾನು ಒಪ್ಪುವುದಿಲ್ಲ, ಎರಡು ಕಾರಣಕ್ಕೆ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ದೋಷಗಳಿಗೆ ಹಳೆಯ ಪ್ರಾಸೆಸರ್‌ಗಳಲ್ಲಿ ಪರಿಹಾರ ಸಿಕ್ಕಿದ್ದು ತಂತ್ರಾಂಶದ ತೇಪೆಯಿಂದ, ಆ ತೇಪೆ ವೇಗವನ್ನು ತಿನ್ನುತ್ತದೆ. ಆಮೇಲೆ ಬಂದ ಪ್ರಾಸೆಸರ್‌ಗಳಲ್ಲಿ ಆ ರಕ್ಷಣೆಯ ಬಹುಪಾಲು ಚಿಪ್ಪಿನೊಳಗೇ ಇದೆ. ಎರಡನೆಯದು, ಹಳೆಯದಕ್ಕೂ ಕೊನೆಯ ದಿನವಿದೆ. ಅಜೂರ್ ತನ್ನ ಡಿ ಮತ್ತು ಡಿವಿ2 ಸರಣಿಗಳನ್ನು 2028ರಲ್ಲಿ ನಿಲ್ಲಿಸುವುದಾಗಿ ಪ್ರಕಟಿಸಿದೆ. ಆ ಹೊತ್ತಿಗೆ ನಾಲ್ಕು ತಲೆಮಾರು ಒಟ್ಟಿಗೆ ದಾಟಬೇಕಾದವರ ಕಷ್ಟ, ಒಂದೊಂದಾಗಿ ದಾಟಿ ಬಂದವರ ಕಷ್ಟಕ್ಕಿಂತ ಬಹಳ ದೊಡ್ಡದು. ಡ್ರೈವರ್, ಬೂಟ್, ಡಿಸ್ಕ್‌ಗಳ ಈ ಅಡ್ಡಿಗಳೆಲ್ಲ ಒಮ್ಮೆ ದಾಟಿದರೆ ಮುಗಿಯುವಂಥವು. ಎಂ5ಗೆ ಒಮ್ಮೆ ಬಂದವರಿಗೆ ಎಂ6ಐ ಹೆಚ್ಚಿನ ಸಲ ನಿಲ್ಲಿಸಿ, ಬಗೆ ಬದಲಿಸಿ, ಮತ್ತೆ ಶುರುಮಾಡುವ ಕೆಲಸ.

ಆರ್ಮ್‌ನ ವಿಚಾರ ಬೇರೆ. ಅಲ್ಲಿ ಲಾಭ ದೊಡ್ಡದು, ಕೆಲಸವೂ ದೊಡ್ಡದು. ಜಾವಾ, ಪೈಥಾನ್, ನೋಡ್, ಗೋ ಭಾಷೆಗಳಲ್ಲಿ ಬರೆದದ್ದು ಬಹುಪಾಲು ತೊಂದರೆಯಿಲ್ಲದೆ ಓಡುತ್ತದೆ. ಸಿಕ್ಕಿಕೊಳ್ಳುವುದು ಒಳಗೆ ಅಡಗಿರುವ ಸಿ ಲೈಬ್ರರಿ, ಇಂಟೆಲ್‌ಗೆಂದೇ ಕಟ್ಟಿದ ಡಾಕರ್ ಇಮೇಜ್, ಆರ್ಮ್ ಆವೃತ್ತಿಯೇ ಇಲ್ಲದ ಭದ್ರತಾ ಏಜೆಂಟ್. ವಿಂಡೋಸ್ ಸರ್ವರ್ ಅಂತೂ ಗ್ರಾವಿಟಾನ್‌ನಲ್ಲಿ ಓಡುವುದಿಲ್ಲ. ಹಾಗಾಗಿ ಕಂಟೇನರ್‌ನಲ್ಲಿರುವ, ಸ್ಥಿತಿ ಉಳಿಸಿಕೊಳ್ಳದ ಸೇವೆಗಳಿಂದ ಆರಂಭಿಸಬೇಕು. ಬಿಲ್ಡ್ ವ್ಯವಸ್ಥೆ ಎರಡೂ ಬಗೆಯ ಇಮೇಜ್ ಕಟ್ಟುವಂತಾದ ಮೇಲೆ ಮಾತ್ರ ಮುಂದುವರಿಯಬೇಕು. ಆ ಸಿದ್ಧತೆ ಒಮ್ಮೆ ಆದರೆ ಅಜೂರ್‌ನ ಕೋಬಾಲ್ಟ್, ಗೂಗಲ್‌ನ ಆಕ್ಸಿಯಾನ್‌ಗಳ ಬಾಗಿಲೂ ತೆರೆಯುತ್ತದೆ, ಬೆಲೆಯ ಚೌಕಾಸಿಗೆ ಬಲ ಬರುತ್ತದೆ.

ಯಂತ್ರದ ದರ ಬಿಲ್ಲಿನ ಒಂದು ಭಾಗ ಮಾತ್ರ. ಗೂಗಲ್‌ನಲ್ಲಿ ಎನ್1 ಯಂತ್ರವನ್ನು ತಿಂಗಳಿಡೀ ಓಡಿಸಿದರೆ ಯಾವ ಒಪ್ಪಂದವೂ ಇಲ್ಲದೆ ಶೇ. 30ರವರೆಗೆ, ಎನ್2ಗೆ ಶೇ. 20ರವರೆಗೆ ರಿಯಾಯಿತಿ ತಾನಾಗಿ ಬೀಳುತ್ತದೆ. ಇ2, ಸಿ3, ಎನ್4, ಸಿ4ಗಳಿಗೆ ಆ ರಿಯಾಯಿತಿ ಇಲ್ಲ. ಪಟ್ಟಿಯ ದರಗಳನ್ನು ಮಾತ್ರ ಹೋಲಿಸಿದವರು ಇದನ್ನು ಮೊದಲ ಬಿಲ್ ಬಂದಾಗಲೇ ಕಾಣುತ್ತಾರೆ. ಕೋರ್ ಲೆಕ್ಕದಲ್ಲಿ ಪರವಾನಗಿ ಕೊಳ್ಳುವ ತಂತ್ರಾಂಶಗಳಲ್ಲಿ ಪರಿಣಾಮ ಇನ್ನೂ ತೀವ್ರ. ಒರಾಕಲ್‌ನ ಕ್ಲೌಡ್ ನಿಯಮದ ಪ್ರಕಾರ ಅಮೆಜಾನ್ ಮತ್ತು ಅಜೂರ್‌ನಲ್ಲಿ ಹೈಪರ್‌ಥ್ರೆಡಿಂಗ್ ಇರುವ ಕಡೆ ಎರಡು ವಿಸಿಪಿಯುಗೆ ಒಂದು ಪ್ರಾಸೆಸರ್ ಪರವಾನಗಿ, ಇಲ್ಲದ ಕಡೆ ಒಂದಕ್ಕೆ ಒಂದು. ಅಷ್ಟೇ ವಿಸಿಪಿಯು ಇರುವ ಎಂ7ಎಗೆ ಹೋದರೆ ಪರವಾನಗಿ ದುಪ್ಪಟ್ಟಾಗುತ್ತದೆ, ಅದರ ಮುಂದೆ ಯಂತ್ರದ ಉಳಿತಾಯ ಏನೇನೂ ಅಲ್ಲ. ಮತ್ತೊಂದು ಕಡೆ, ಎಸ್‌ಕ್ಯೂಎಲ್ ಸರ್ವರ್ 16 ವಿಸಿಪಿಯು ಬದಲು ವೇಗದ 8ರಲ್ಲಿ ಓಡುವಂತಾದರೆ ಪರವಾನಗಿಯೇ ಅರ್ಧವಾಗುತ್ತದೆ. ಇಂಥ ಯಂತ್ರಕ್ಕೆ ಗಂಟೆಯ ದರ ಶೇ. 30 ಹೆಚ್ಚಿದ್ದರೂ ಕೊಡಬಹುದು.

ಎಂಜಿನಿಯರುಗಳ ಸಮಯಕ್ಕೂ ಬೆಲೆಯಿದೆ. ತಿಂಗಳಿಗೆ 50,000 ರೂಪಾಯಿ ಬಿಲ್ ಇರುವ ಸಂಸ್ಥೆ ಶೇ. 10 ಉಳಿಸಿದರೆ ವರ್ಷಕ್ಕೆ 60,000. ಇಬ್ಬರು ಎರಡು ವಾರ ಇದಕ್ಕೇ ಕೂತರೆ ಅದು ಸಂಬಳದಲ್ಲೇ ಕರಗುತ್ತದೆ. ಇಂಥವರು ತಲೆಮಾರಿನ ಬದಲಾವಣೆಯನ್ನು ಹೇಗೂ ಮಾಡಲೇಬೇಕಾದ ಕೆಲಸಕ್ಕೆ ಜೋಡಿಸಿಕೊಳ್ಳಬೇಕು. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್‌ಗೆ ಮುಗಿದಿದೆ, ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇಗೆ. ಆಪರೇಟಿಂಗ್ ಸಿಸ್ಟಂ ಬದಲಿಸಲು ಹೇಗೂ ಹೊಸ ಸರ್ವರ್ ಕಟ್ಟಬೇಕು, ಪರೀಕ್ಷೆ ನಡೆಸಬೇಕು. ಆ ಹೊಸ ಸರ್ವರನ್ನು ಹೊಸ ತಲೆಮಾರಿನಲ್ಲೇ ಕಟ್ಟಿದರೆ ಹೆಚ್ಚುವರಿ ಶ್ರಮ ಅತ್ಯಲ್ಪ. ಏನಾದರೂ ಕೆಟ್ಟರೆ ಕಾರಣ ಓಎಸ್ಸೋ ಯಂತ್ರವೋ ಎಂದು ಗೊತ್ತಾಗದ ತೊಡಕು ಇದರಲ್ಲಿದೆ ನಿಜ. ಹೊಸ ಓಎಸ್ಸನ್ನು ಹಳೆಯ ಯಂತ್ರದಲ್ಲೂ ಒಂದು ದಿನ ಓಡಿಸಿ ನೋಡಿದರೆ ಆ ಅನುಮಾನ ಬಗೆಹರಿಯುತ್ತದೆ.

ಬೆಂಗಳೂರಿನಲ್ಲಿ ಹಣ ಪಾವತಿ ಸೇವೆ ನಡೆಸುವ ಕಂಪನಿಗಳಿಗೆ ಇನ್ನೊಂದು ಕಟ್ಟು ಇದೆ. ರಿಸರ್ವ್ ಬ್ಯಾಂಕಿನ 2018ರ ಏಪ್ರಿಲ್ ಸುತ್ತೋಲೆಯಂತೆ ಪಾವತಿ ದತ್ತಾಂಶ ಭಾರತದೊಳಗೇ ಇರಬೇಕು. ಅಮೆಜಾನ್‌ನಲ್ಲಾದರೆ 2016ರಲ್ಲಿ ತೆರೆದ ಮುಂಬೈ ಅಥವಾ 2022ರಲ್ಲಿ ತೆರೆದ ಹೈದರಾಬಾದ್, ಈ ಎರಡರಲ್ಲೇ ಆರಿಸಿಕೊಳ್ಳಬೇಕು. ಹೊಸ ಯಂತ್ರಗಳು ಸಾಮಾನ್ಯವಾಗಿ ಮೊದಲು ಬರುವುದು ಅಮೆರಿಕದ ಪ್ರದೇಶಗಳಿಗೆ. ಇಲ್ಲಿಗೆ ಬಂದ ಮೇಲೂ ಎಲ್ಲ ಲಭ್ಯತಾ ವಲಯಗಳಲ್ಲಿ ಒಟ್ಟಿಗೆ ಸಿಗುತ್ತದೆಂಬ ಭರವಸೆಯಿಲ್ಲ. ಹಬ್ಬದ ಮಾರಾಟದ ವಾರದಲ್ಲಿ ಬೇಕಾದಷ್ಟು ಯಂತ್ರ ಸಿಗದೆ ಹೋದರೆ ಶೇ. 10ರ ಉಳಿತಾಯ ಯಾರಿಗೂ ಬೇಡವಾಗುತ್ತದೆ. ಆಟೋಸ್ಕೇಲಿಂಗ್ ಗುಂಪಿನಲ್ಲಿ ಹೊಸ ಬಗೆಯನ್ನು ಮೊದಲಿಗೂ ಹಳೆಯದನ್ನು ಅದರ ಹಿಂದೆಯೂ ಬರೆದಿಟ್ಟು, ಒಂದು ಸಿಗದಿದ್ದರೆ ಇನ್ನೊಂದು ಏಳುವಂತೆ ಮಾಡಿಟ್ಟುಕೊಳ್ಳಬೇಕು.

ಕೊನೆಗೆ ಒಪ್ಪಂದದ ಸರದಿ. ಒಂದು ಅಥವಾ ಮೂರು ವರ್ಷಕ್ಕೆ ಕೊಂಡ ಸ್ಟ್ಯಾಂಡರ್ಡ್ ರಿಸರ್ವ್ಡ್ ಇನ್‌ಸ್ಟೆನ್ಸ್ ಒಂದೇ ಕುಟುಂಬಕ್ಕೆ ಅಂಟಿಕೊಂಡಿರುತ್ತದೆ. ಎಂ5ಗೆ ಕೊಂಡದ್ದು ಎಂ7ಜಿಗೆ ಉಪಯೋಗಕ್ಕೆ ಬಾರದು. 2019ರಲ್ಲಿ ಬಂದ ಕಂಪ್ಯೂಟ್ ಸೇವಿಂಗ್ಸ್ ಪ್ಲಾನ್ ಯಾವ ತಲೆಮಾರಿಗೂ ಯಾವ ಪ್ರದೇಶಕ್ಕೂ ಅನ್ವಯಿಸುತ್ತದೆ, ಆದರೆ ರಿಯಾಯಿತಿ ತುಸು ಕಡಿಮೆ. ಈ ವ್ಯತ್ಯಾಸವನ್ನು ತಲೆಮಾರು ಬದಲಿಸುವ ಸ್ವಾತಂತ್ರ್ಯಕ್ಕೆ ಕೊಡುವ ಬೆಲೆಯೆಂದು ಲೆಕ್ಕ ಹಾಕಬೇಕು. ಸೇವಿಂಗ್ಸ್ ಪ್ಲಾನ್ ಕೂಡ ಗಂಟೆಗೆ ಇಷ್ಟು ಡಾಲರ್ ಖರ್ಚು ಮಾಡುತ್ತೇವೆಂಬ ಮಾತು. 20 ಯಂತ್ರಗಳ ಖರ್ಚಿಗೆ ಮಾತು ಕೊಟ್ಟು ಆಮೇಲೆ 17ಕ್ಕೆ ಇಳಿಸಿದರೆ ಉಳಿದದ್ದನ್ನು ಬಳಸದೆಯೇ ಕಟ್ಟುತ್ತಿರಬೇಕಾಗುತ್ತದೆ. ಆದ್ದರಿಂದ ಹಳೆಯ ಒಪ್ಪಂದ ಮುಗಿಯುವ ಎರಡು ಮೂರು ತಿಂಗಳ ಮೊದಲೇ ಅಳತೆ ಶುರುವಾಗಲಿ. ಒಪ್ಪಂದ ಮುಗಿದ ವಾರದಿಂದ ಯಂತ್ರಗಳು ಬದಲಾಗಲಿ, ಆ ಕೆಲವು ವಾರ ಆನ್-ಡಿಮಾಂಡ್ ದರ ತೆತ್ತರೂ ಸರಿ. ಸಂಖ್ಯೆ ಇಳಿಸಿ, ಒಂದು ಪೂರ್ಣ ತಿಂಗಳ ಬಿಲ್ ಕೈಗೆ ಬಂದ ಮೇಲೆ, ಅದರಲ್ಲಿ ಅತಿ ಕಡಿಮೆ ಬಳಕೆ ಕಂಡ ಗಂಟೆಯ ಮೊತ್ತಕ್ಕೆ ಹೊಸ ಒಪ್ಪಂದ ಮಾಡಿಕೊಳ್ಳಿ.